ಕಾದಂಬರಿಗೊಂದು ಉಪಮಾನ

(ಬಾನುಲಿ ಭಾಷಣದ ಬರಹರೂಪ)

ನನ್ನ ತಂಗಿಯ ಮಗಳೊಬ್ಬಳು ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾಳೆ. ಧಾರವಾಡದಲ್ಲಿ ಹುಟ್ಟಿ ಬೆಳೆದವಳು, ವೃತ್ತಿಯಿಂದ ಎಂಜಿನಿಯರು. ಏಳು ವರ್ಷಗಳ ಕಾಲ ದಿನವೂ ನಸುಕಿನಲ್ಲೆದ್ದು, ಮನೆಯವರು ಏಳುವುದರೊಳಗೆ ಒಂದೋ ಎರಡೋ ಪುಟದಂತೆ, ಇಂಗ್ಲಿಷಿನಲ್ಲಿ ಒಂದು ಕಾದಂಬರಿಯನ್ನು ಬರೆದು ಮುಗಿಸಿದಳು. ತಂದೆ ತೀರಿಕೊಂಡ ಮೇಲೆ ಧಾರವಾಡದ ಹಳೆಯ ಮನೆಯನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂದು ತೀರ್ಮಾನಿಸಲು ಮೂರು ಊರುಗಳಿಂದ ಬಂದು ಸೇರುವ ಮೂವರು ಅಕ್ಕತಂಗಿಯರ ಕಥೆ ಅದು. ಕಾದಂಬರಿ ಮುಗಿದ ಮೇಲೆ ಒಂದು ರಾತ್ರಿ ಅವಳಿಂದ ದೂರವಾಣಿ ಕರೆ ಬಂತು.

"ಮಾಮಾ, ಮುನ್ನೂರು ಪುಟ ಬರದೆ. ಈಗ ಒಂದೇ ಒಂದು ಸಾಲು ಬರೀಲಿಕ್ಕೆ ಆಗವಲ್ದು" ಎಂದಳು.

ಆ ಒಂದು ಸಾಲಿನ ವೃತ್ತಾಂತವೇ ಇಂದಿನ ನನ್ನ ಭಾಷಣದ ವಿಷಯ.

ನಮ್ಮಲ್ಲಿ ಹೊಸ ಲೇಖಕ ತನ್ನ ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರ ಬಳಿಗೆ ಒಯ್ಯುತ್ತಾನೆ. ಹಿರಿಯ ಸಾಹಿತಿಯೊಬ್ಬರಿಂದ ಮುನ್ನುಡಿಯೊಂದನ್ನು ಬೇಡಿ ಪಡೆಯುತ್ತಾನೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ದೊಡ್ಡ ಪ್ರಕಾಶಕರ ಬಾಗಿಲು ಹಾಗೆ ತೆರೆಯುವುದಿಲ್ಲ. ನಡುವೆ ಸಾಹಿತ್ಯ ಏಜೆಂಟರೆಂಬ ವರ್ಗವೊಂದಿದೆ. ಲೇಖಕನ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸಿ, ಬಂದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಷ್ಟನ್ನು ತಮ್ಮ ಪಾಲೆಂದು ಪಡೆಯುವವರು ಅವರು. ಅವರಿಗೆ ಹಸ್ತಪ್ರತಿಯನ್ನು ಕಳುಹಿಸುವ ಮುನ್ನ ಒಂದು ಪುಟದ ಪತ್ರ ಬರೆಯಬೇಕು. ಕಾದಂಬರಿ ಯಾವ ಬಗೆಯದು, ಎಷ್ಟು ಪದಗಳದು, ಅದರ ಕಥೆಯ ಗಂಟು ಯಾವುದು, ಬರೆದವರು ಯಾರು ಎಂಬುದೆಲ್ಲ ಅಷ್ಟರಲ್ಲಿ ಅಡಕವಾಗಬೇಕು. ಇವುಗಳ ಜೊತೆಗೆ ಇನ್ನೊಂದು ಸಾಲು: "ನನ್ನ ಕಾದಂಬರಿ ಇಂಥಿಂಥ ಪುಸ್ತಕಗಳನ್ನು ಮೆಚ್ಚಿದವರಿಗೆ ಹಿಡಿಸೀತು." ಹೀಗೆ ಹೆಸರಿಸುವ ಎರಡು ಮೂರು ಪುಸ್ತಕಗಳಿಗೆ ಆ ವಲಯದವರು 'ಕಂಪ್ಯಾರಬಲ್ ಟೈಟಲ್', ಮೊಟಕಾಗಿ 'ಕಾಂಪ್', ಎನ್ನುತ್ತಾರೆ. ಹೋಲಿಕೆಯ ಪುಸ್ತಕಗಳು ಎಂದು ನಾವು ಕರೆಯೋಣ.

ನಾನು ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳಿದವನು. ಸೊಸೆಯ ಪ್ರಶ್ನೆಗೆ ಉತ್ತರಿಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಮೂವರು ಅಕ್ಕತಂಗಿಯರೆಂದ ಮೇಲೆ ಚೆಕಾಫನ 'ಮೂವರು ಸೋದರಿಯರು' ಇದೆ. ಮಾರಾಟಕ್ಕೆ ಬಂದ ಮನೆಯೆಂದ ಮೇಲೆ ಅವನದೇ 'ಚೆರಿ ತೋಟ' ಇದೆ. ಭಾರತದ ಕುಟುಂಬವೆಂದ ಮೇಲೆ ಅರುಂಧತಿ ರಾಯ್ ಅವರ 'ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್' ಇದೆ. "ಈ ಮೂರನ್ನೂ ಬರೆ. ಓದಿದವರು ಎದ್ದು ಕೂರುತ್ತಾರೆ" ಎಂದೆ. ಅವಳು ಹಾಗೆಯೇ ಬರೆದಳು. ಹದಿನಾಲ್ಕು ಏಜೆಂಟರಿಗೆ ಪತ್ರ ಹೋಯಿತು. ನಾಲ್ವರಿಂದ ಎರಡು ಸಾಲಿನ ನಿರಾಕರಣೆ ಬಂತು. ಉಳಿದ ಹತ್ತು ಮಂದಿಯಿಂದ ಅದೂ ಬರಲಿಲ್ಲ. ಪತ್ರ ವಿಫಲವಾದದ್ದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಅದರ ಅತ್ಯಂತ ದುರ್ಬಲವಾದ ಸಾಲು ನಾನು ಹೇಳಿ ಬರೆಸಿದ್ದು ಎಂಬುದರಲ್ಲಿ ನನಗೆ ಈಗ ಸಂದೇಹವಿಲ್ಲ.

ಇದನ್ನು ನನಗೆ ಮನಗಾಣಿಸಿದವಳು ಅವಳೇ. "ಮಾಮಾ, ಚೆಕಾಫ್ ತೀರಿಕೊಂಡು ನೂರಾ ಇಪ್ಪತ್ತು ವರ್ಷ ಆತು. ನನ್ನ ಕಾದಂಬರಿ ಎಷ್ಟು ಚಲೋ ಅದ ಅಂತ ಅವರು ಕೇಳಿದ್ದಲ್ಲ. ಅದನ್ನ ಯಾರು ಓದ್ತಾರ ಅಂತ ಕೇಳ್ಯಾರ" ಎಂದಳು. ಆಮೇಲೆ ನಾವಿಬ್ಬರೂ, ಅವಳು ಅಲ್ಲಿ, ನಾನು ಮೈಸೂರಿನಲ್ಲಿ, ಈ ವಿಷಯವನ್ನು ಮೊದಲಿನಿಂದ ಕಲಿಯಲು ಕುಳಿತೆವು.

ಏಜೆಂಟರು ಈ ಸಾಲನ್ನು ಕೇಳುವುದೇಕೆ? ಪುಸ್ತಕ ಸಾಗುವ ಹಾದಿಯನ್ನು ನೋಡಿದರೆ ಇದು ತಿಳಿಯುತ್ತದೆ. ಏಜೆಂಟರಿಗೆ ಮೆಚ್ಚುಗೆಯಾದ ಹಸ್ತಪ್ರತಿ ಪ್ರಕಾಶನ ಸಂಸ್ಥೆಯ ಸಂಪಾದಕರ ಕೈ ಸೇರುತ್ತದೆ. ಸಂಪಾದಕರಿಗೆ ಹಿಡಿಸಿದ ಮಾತ್ರಕ್ಕೆ ಕೊಳ್ಳುವಂತಿಲ್ಲ. ಮಾರಾಟದವರು, ಪ್ರಚಾರದವರು, ಲೆಕ್ಕದವರು ಕೂಡಿದ ಸಭೆಯಲ್ಲಿ ಅವರನ್ನು ಒಪ್ಪಿಸಬೇಕು. ಅದಕ್ಕಾಗಿ ಲಾಭನಷ್ಟದ ಅಂದಾಜುಪಟ್ಟಿಯೊಂದು ಸಿದ್ಧವಾಗುತ್ತದೆ: ಎಷ್ಟು ಪ್ರತಿ ಅಚ್ಚು ಹಾಕುವುದು, ಬೆಲೆ ಎಷ್ಟು, ಲೇಖಕರಿಗೆ ಮುಂಗಡ ಎಷ್ಟು. ಇನ್ನೂ ಅಚ್ಚಾಗದ ಪುಸ್ತಕ ಎಷ್ಟು ಮಾರಾಟವಾದೀತೆಂದು ಹೇಳಬಲ್ಲವರು ಯಾರು? ಆದ್ದರಿಂದ ಅದನ್ನು ಹೋಲುವ, ಈಚೆಗೆ ಬಂದ ಪುಸ್ತಕಗಳು ಎಷ್ಟು ಮಾರಾಟವಾದವೆಂದು ನೋಡುತ್ತಾರೆ. 2001ರಲ್ಲಿ ಅಮೆರಿಕದಲ್ಲಿ 'ಬುಕ್‌ಸ್ಕ್ಯಾನ್' ಎಂಬ ವ್ಯವಸ್ಥೆ ಆರಂಭವಾಯಿತು. ಅಂಗಡಿಗಳ ಮುಂಗಟ್ಟೆಯಲ್ಲಿ ಆಗುವ ಮಾರಾಟದ ಲೆಕ್ಕವನ್ನು ಅದು ಒಂದೆಡೆ ಸೇರಿಸತೊಡಗಿದಂದಿನಿಂದ ಈ ಹೋಲಿಕೆಗೆ ಅಂಕಿಗಳ ಬಲ ಬಂತು. ಮುಂದೆ ಪ್ರಕಾಶಕರ ಪ್ರತಿನಿಧಿ ಪುಸ್ತಕದಂಗಡಿಗೆ ಹೋದಾಗಲೂ ಇದೇ ಮಾತು: "ಕಳೆದ ವರ್ಷ ಆ ಪುಸ್ತಕವನ್ನು ಕೊಂಡರಲ್ಲ, ಅದೇ ಗಿರಾಕಿಗಳು ಇದನ್ನೂ ಕೊಳ್ಳುತ್ತಾರೆ." ಅಂಗಡಿಯಾತನ ಬಳಿ ಮುನ್ನೂರು ಪುಟ ಓದಲು ಸಮಯವಿಲ್ಲ. ಎಷ್ಟು ಪ್ರತಿ ತರಿಸಬೇಕು, ಯಾವ ಕಪಾಟಿನಲ್ಲಿ ಇಡಬೇಕು ಎಂಬುದಷ್ಟೇ ಅವನ ಚಿಂತೆ. ಸಾಹಿತ್ಯದ ಮಾತಾಗಿ ಮೊದಲಾದ ಒಂದು ಸಾಲು ಅಂಗಡಿಯ ಕಪಾಟಿನವರೆಗೂ ಹೀಗೆ ಸಾಗುತ್ತದೆ.

ಇದೆಲ್ಲ ತಿಳಿದ ಮೇಲೆ ನನಗೆ ಪ್ರೌಢಶಾಲೆಯ ಅಲಂಕಾರದ ಪಾಠ ನೆನಪಾಯಿತು. ಉಪಮೆಗೆ ನಾಲ್ಕು ಅಂಗಗಳೆಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಮುಖ ಉಪಮೇಯ, ಕಮಲ ಉಪಮಾನ, 'ಅಂತೆ' ಎಂಬುದು ವಾಚಕ, ಚೆಲುವು ಸಮಾನಧರ್ಮ. ನಾನು ಹೇಳಿ ಬರೆಸಿದ ಸಾಲಿನಲ್ಲಿ ಉಪಮೇಯವಿತ್ತು, ಉಪಮಾನ ಮೂರಿದ್ದವು, 'ಅಂತೆ'ಯೂ ಇತ್ತು, ಸಮಾನಧರ್ಮವೇ ಇರಲಿಲ್ಲ. ಯಾವ ಅಂಶದಲ್ಲಿ ಹೋಲಿಕೆ ಎಂಬುದನ್ನು ಹೇಳಿಯೇ ಇರಲಿಲ್ಲ. ಕಾವ್ಯದಲ್ಲಿ ಸಮಾನಧರ್ಮ ಲೋಪವಾದರೆ ಸಹೃದಯ ಅದನ್ನು ಊಹಿಸಿ ತುಂಬಿಕೊಳ್ಳುತ್ತಾನೆ. ಲುಪ್ತೋಪಮೆಯೆಂದು ಅದಕ್ಕೊಂದು ಗೌರವದ ಹೆಸರೂ ಇದೆ. ದಿನಕ್ಕೆ ಹತ್ತಾರು ಪತ್ರಗಳನ್ನು ಓದುವ ಏಜೆಂಟರಿಗೆ ಆ ವ್ಯವಧಾನ ಇರುವುದಿಲ್ಲ. ಅವರಿಗೆ ಪೂರ್ಣೋಪಮೆಯೇ ಬೇಕು.

ಉಪಮೆಯ ದೋಷಗಳನ್ನೂ ನಮ್ಮ ಆಲಂಕಾರಿಕರು ಎಣಿಸಿಟ್ಟಿದ್ದಾರೆ. ಮೇಧಾವಿ ಎಂಬಾತ ಹೇಳಿದ ಏಳು ದೋಷಗಳನ್ನು ಭಾಮಹ ತನ್ನ 'ಕಾವ್ಯಾಲಂಕಾರ'ದಲ್ಲಿ ಉಲ್ಲೇಖಿಸುತ್ತಾನೆ. ಅವುಗಳಲ್ಲಿ ಕೆಲವದರ ಹೆಸರನ್ನು ನಮ್ಮ ಪ್ರಸಂಗಕ್ಕೆ ಎರವಲು ಪಡೆದರೆ ತಪ್ಪಾಗದು. ಮೊದಲನೆಯದು ಅಧಿಕತ್ವ, ಅಂದರೆ ಉಪಮಾನ ಅತಿ ಹಿರಿದಾಗುವುದು. 1997ರಲ್ಲಿ ಬೂಕರ್ ಪ್ರಶಸ್ತಿ ಪಡೆದು ಜಗತ್ತಿನಾದ್ಯಂತ ಲಕ್ಷಗಟ್ಟಲೆ ಮಾರಾಟವಾದ ಕಾದಂಬರಿಯನ್ನು ಹೊಸಬಳೊಬ್ಬಳು ತನಗೆ ಹೋಲಿಕೆಯೆಂದು ಹೇಳಿಕೊಂಡರೆ ಓದುವವರಿಗೆ ಏನೂ ತಿಳಿದಂತಾಗುವುದಿಲ್ಲ. ಅಂಥ ಪುಸ್ತಕದ ಮಾರಾಟ ಮತ್ತೊಂದಕ್ಕೆ ಅಳತೆಗೋಲಾಗದು. ಅದರ ಬದಲು ಲೇಖಕಿಗೆ ತನ್ನ ಅಳತೆಯ ಅರಿವಿಲ್ಲವೆಂಬ ಸಂಶಯ ಮೂಡುತ್ತದೆ. ಎರಡನೆಯದು ಹೀನತೆ. ಯಾರೂ ಕಂಡು ಕೇಳದ, ನೂರು ಪ್ರತಿಯೂ ಖರ್ಚಾಗದ ಪುಸ್ತಕವನ್ನು ಹೆಸರಿಸಿದರೆ, ಈ ಬಗೆಯದಕ್ಕೆ ಓದುಗರಿಲ್ಲವೆಂದು ನಾವೇ ಸಾಕ್ಷಿ ನುಡಿದಂತಾಗುತ್ತದೆ. ಮೂರನೆಯದು ಅಸದೃಶತೆ. ಪುಸ್ತಕ ಪ್ರಸಿದ್ಧವೆಂಬ ಒಂದೇ ಕಾರಣಕ್ಕೆ ಹೆಸರಿಸುವುದು, ಹೋಲಿಕೆಯಿಲ್ಲದ ಕಡೆ ಹೋಲಿಕೆ ಹೇಳುವುದು.

ಭಾಮಹ ಹೇಳದ ನಾಲ್ಕನೆಯ ದೋಷವೊಂದನ್ನು ಈ ವ್ಯಾಪಾರ ಸೇರಿಸಿದೆ. ಕಾಲದೋಷ ಎಂದು ಅದನ್ನು ಕರೆಯಬಹುದು. ಹೋಲಿಕೆಯ ಪುಸ್ತಕ ಹಿಂದಿನ ಮೂರರಿಂದ ಐದು ವರ್ಷಗಳೊಳಗೆ ಬಂದದ್ದಾಗಿರಬೇಕೆಂಬುದು ಅಲ್ಲಿನ ವಾಡಿಕೆ. ಇಂದು ಅಂಗಡಿಗೆ ಬರುವ ಓದುಗರು ಯಾರು, ಅವರ ಅಭಿರುಚಿ ಏನು ಎಂಬುದನ್ನು ಇಂದಿನ ಪುಸ್ತಕವೇ ಹೇಳಬಲ್ಲದು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಕಳೆದ ಐದು ವರ್ಷಗಳಲ್ಲಿ ಪ್ರಕಟವಾದ ಇಂಗ್ಲಿಷ್ ಕಾದಂಬರಿಗಳಲ್ಲಿ ನಾನು ಓದಿದ್ದು ಯಾವುದು ಎಂದು ನನ್ನನ್ನೇ ಕೇಳಿಕೊಂಡೆ. ಒಂದೂ ಇರಲಿಲ್ಲ. ಚೆಕಾಫ್, ಹಾರ್ಡಿ, ಜೇನ್ ಆಸ್ಟೆನ್ನರನ್ನು ವರ್ಷ ವರ್ಷ ಪಾಠ ಹೇಳುತ್ತ, ಬದುಕಿರುವವರು ಬರೆಯುತ್ತಿದ್ದಾರೆಂಬುದನ್ನೇ ನಾನು ಮರೆತಂತಿತ್ತು. ನನ್ನ ಸೊಸೆಗೆ ನಾನು ಕೊಟ್ಟದ್ದು ನನ್ನ ಹಳೆಯ ಟಿಪ್ಪಣಿ ಪುಸ್ತಕ. ಅವಳಿಗೆ ಬೇಕಾಗಿದ್ದದ್ದು ಈ ಕಾಲದ ಓದು.

ಹಾಗಾದರೆ ಹುಡುಕುವುದು ಹೇಗೆ? ನಾವು ಹಿಡಿದ ದಾರಿಯನ್ನು ನಿವೇದಿಸುತ್ತೇನೆ. ಮೊದಲು ಅವಳು ತನ್ನ ಕಾದಂಬರಿಯನ್ನೇ ಬಿಡಿಸಿ ನೋಡಿದಳು. ಕಥೆಯ ಗಂಟು ಯಾವುದು? ನಿರೂಪಿಸುವವರು ಯಾರು, ಅವರ ದನಿ ಎಂಥದು? ಊರು, ಕಾಲ ಯಾವುವು? ಕಥೆ ನೇರವಾಗಿ ನಡೆಯುತ್ತದೆಯೋ, ಹಿಂದು ಮುಂದಾಗಿಯೋ? ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯಬೇಕಾದ ಭಾವ ಯಾವುದು? ಒಂದೊಂದಕ್ಕೂ ಒಂದೊಂದು ಸಾಲಿನ ಉತ್ತರ ಬರೆಯಹೊರಟಾಗ ಅವಳಿಗೇ ಒಂದು ಸಂಗತಿ ಹೊಳೆಯಿತು. ತಾನು ಬರೆದದ್ದು ಮನೆಯ ಕಥೆಯೆಂದು ಏಳು ವರ್ಷ ನಂಬಿದ್ದಳು. ತಂದೆಯ ಸಾವಿನ ದುಃಖವನ್ನು ಬಾಯಿ ಬಿಟ್ಟು ಆಡಲಾರದ ಮೂವರು, ಮನೆಯ ಬೆಲೆಯ ಬಗ್ಗೆ ಜಗಳವಾಡುತ್ತ ಆ ದುಃಖವನ್ನೇ ಆಡುತ್ತಿದ್ದಾರೆಂಬುದು ಈಗ ಕಂಡಿತು.

ಆಮೇಲೆ ಗ್ರಂಥಾಲಯ. ಅಮೆರಿಕದ ಊರ ಗ್ರಂಥಾಲಯಗಳಲ್ಲಿ "ಇಂಥ ಪುಸ್ತಕ ಮೆಚ್ಚಿದ್ದೇನೆ, ಅಂಥದು ಇನ್ನೇನಿದೆ?" ಎಂದು ಕೇಳಿದರೆ ಸಂತೋಷದಿಂದ ಹುಡುಕಿಕೊಡುತ್ತಾರೆ. ಪುಸ್ತಕದಂಗಡಿಯಲ್ಲಿ ತನ್ನ ಕಾದಂಬರಿ ಅಚ್ಚಾಗಿದ್ದರೆ ಯಾವ ಕಪಾಟಿನಲ್ಲಿ ಇರುತ್ತಿತ್ತೆಂದು ಊಹಿಸಿ, ಅದರ ಎಡಬಲಕ್ಕೆ ಯಾವ ಪುಸ್ತಕಗಳಿವೆಯೆಂದು ನೋಡಿದಳು. ಬೆನ್ನುಡಿಗಳನ್ನೂ ವಿಮರ್ಶೆಗಳನ್ನೂ ಓದಿದಳು. ಪುಸ್ತಕದ ಕೊನೆಯ ಕೃತಜ್ಞತೆಯ ಪುಟವನ್ನು ಸಾಮಾನ್ಯ ಓದುಗರು ಬಿಟ್ಟುಬಿಡುತ್ತಾರೆ. ಲೇಖಕರು ತಮ್ಮ ಏಜೆಂಟರಿಗೆ ಅಲ್ಲಿಯೇ ವಂದನೆ ಹೇಳಿರುತ್ತಾರೆ. ಯಾರಿಗೆ ಪತ್ರ ಬರೆದರೆ ಫಲಿಸೀತು ಎಂಬುದರ ಸುಳಿವೂ ಇದರಿಂದ ದೊರೆಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಅವಳು ಮನೆಗೆ ತಂದಳು. ಹನ್ನೊಂದನ್ನು ಪೂರ್ತಿಯಾಗಿ ಓದಿದಳು. ಸಾರಾಂಶ ಮಾತ್ರ ಓದಿ ಹೆಸರಿಸುವುದು ಅಪಾಯ. ಏಜೆಂಟರು ಆ ಪುಸ್ತಕವನ್ನು ಓದಿರುವ ಸಂಭವವೇ ಹೆಚ್ಚು.

ಕೊನೆಗೆ ಉಳಿದವು ಎರಡು. ಒಂದು, ಚೇತನಾ ಮಾರೂ ಅವರ 'ವೆಸ್ಟರ್ನ್ ಲೇನ್'. 2023ರಲ್ಲಿ ಬಂದು ಅದೇ ವರ್ಷ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಕಿರಿದಾದ ಮೊದಲ ಕಾದಂಬರಿ. ಇಂಗ್ಲೆಂಡಿನ ಗುಜರಾತಿ ಕುಟುಂಬವೊಂದರಲ್ಲಿ ತಾಯಿ ತೀರಿಕೊಂಡ ಮೇಲೆ ಮೂವರು ಅಕ್ಕತಂಗಿಯರು. ಅವರನ್ನು ಸ್ಕ್ವಾಷ್ ಆಟದಲ್ಲಿ ತೊಡಗಿಸುವ ತಂದೆ. ದುಃಖದ ಬಗ್ಗೆ ಯಾರೂ ಮಾತಾಡುವುದಿಲ್ಲ. ಇನ್ನೊಂದು, ಕೋಕೋ ಮೆಲರ್ಸ್ ಅವರ 'ಬ್ಲೂ ಸಿಸ್ಟರ್ಸ್', 2024ರದು. ನಾಲ್ವರಲ್ಲಿ ಒಬ್ಬಳು ಸತ್ತ ಒಂದು ವರ್ಷದ ಮೇಲೆ, ತಾವು ಬೆಳೆದ ನ್ಯೂಯಾರ್ಕಿನ ಮನೆ ಮಾರಾಟಕ್ಕೆ ಬಂದಿತೆಂದು ತಿಳಿದು ಬೇರೆ ಬೇರೆ ಊರುಗಳಿಂದ ಹಿಂತಿರುಗುವ ಮೂವರು ಸೋದರಿಯರ ಕಥೆ. ಮೊದಲನೆಯದರಲ್ಲಿ ಸಮಾನಧರ್ಮ ಮೌನ. ಎರಡನೆಯದರಲ್ಲಿ ಕಥೆಯ ಗಂಟು. ಹೊಸ ಸಾಲನ್ನು ಅವಳು ಹೀಗೆ ಬರೆದಳು: "ವೆಸ್ಟರ್ನ್ ಲೇನ್‌ನಲ್ಲಿ ಮಾತಾಗದೆ ಉಳಿದ ಕುಟುಂಬದ ದುಃಖವನ್ನೂ, ಬ್ಲೂ ಸಿಸ್ಟರ್ಸ್‌ನಲ್ಲಿ ಮಾರಾಟಕ್ಕೆ ಬಂದ ಮನೆಗೆ ಮರಳುವ ಸೋದರಿಯರನ್ನೂ ಮೆಚ್ಚಿದ ಓದುಗರಿಗಾಗಿ, ಧಾರವಾಡದಲ್ಲಿ ನಡೆಯುವ ಕಾದಂಬರಿ ಇದು." ಇದರಲ್ಲಿ ಬಡಾಯಿಯಿಲ್ಲ, ದೈನ್ಯವೂ ಇಲ್ಲ. ಧಾರವಾಡವೆಂಬ ಹೆಸರು ಸಾಲಿನ ಕೊನೆಗೆ ಬಂದದ್ದು ನನಗೆ ಮೆಚ್ಚಾಯಿತು. ಹೋಲಿಕೆ ಮುಗಿದಲ್ಲಿ ಅವಳ ಸ್ವಂತದ್ದು ಆರಂಭವಾಗುತ್ತದೆ.

ಇದೆಲ್ಲ ಇಂದಿನ ವ್ಯಾಪಾರದ ಸೋಗೆಂದು ಕೆಲವರಿಗೆ ತೋರಬಹುದು. ಮೈಸೂರಿಗೇ ಸಂಬಂಧಿಸಿದ ಹಳೆಯ ನಿದರ್ಶನವೊಂದನ್ನು ಹೇಳುತ್ತೇನೆ. ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಕ್ಕೆ ಕಳುಹಿಸಿದರು. ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡೆಂದು ನಾರಾಯಣ್ ಆಕ್ಸ್‌ಫರ್ಡಿನಲ್ಲಿದ್ದ ತಮ್ಮ ಗೆಳೆಯನಿಗೆ ಬರೆದರು. ಗೆಳೆಯ ಹಾಗೆ ಮಾಡದೆ ಅದನ್ನು ಗ್ರಹಾಮ್ ಗ್ರೀನ್ ಅವರಿಗೆ ತೋರಿಸಿದ. ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ನಾರಾಯಣ್ ಇಟ್ಟಿದ್ದ ಹೆಸರು 'ಸ್ವಾಮಿ, ದ ಟೇಟ್'. ಅದನ್ನು 'ಸ್ವಾಮಿ ಅಂಡ್ ಫ್ರೆಂಡ್ಸ್' ಎಂದು ಬದಲಿಸಲು ಸೂಚಿಸಿದವರು ಗ್ರೀನ್. ಕಿಪ್ಲಿಂಗನ ಶಾಲಾ ಕಥೆಗಳ ಪುಸ್ತಕ 'ಸ್ಟಾಕಿ ಅಂಡ್ ಕೋ' ಎಂಬುದನ್ನು ಅದು ನೆನಪಿಗೆ ತರುತ್ತದೆಂಬುದೇ ಅವರು ಕಂಡ ಅನುಕೂಲ. ಮಾಲ್ಗುಡಿಯನ್ನು ಕಂಡರಿಯದ ಇಂಗ್ಲಿಷ್ ಓದುಗರಿಗೆ ಇದು ಹುಡುಗರ ಶಾಲೆಯ ಕಥೆಯೆಂದು ಒಂದು ಹೆಸರಿನಲ್ಲೇ ಹೇಳಿದಂತಾಯಿತು. ಪುಸ್ತಕದ ಒಳಗೆ ಕಿಪ್ಲಿಂಗನ ಛಾಯೆಯೇನೂ ಇಲ್ಲ. ಹೋಲಿಕೆ ಬಾಗಿಲವರೆಗೆ ಕರೆದೊಯ್ದಿತು, ಅಷ್ಟೆ. ಆ ಪುಸ್ತಕ ಒಳ್ಳೆಯ ವಿಮರ್ಶೆಗಳನ್ನು ಪಡೆದೂ ಆಗ ಹೆಚ್ಚು ಮಾರಾಟವಾಗಲಿಲ್ಲ ಎಂಬುದನ್ನೂ ಮರೆಯಬಾರದು.

ಈ ಪದ್ಧತಿಯ ಕೆಡುಕನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ನಿನ್ನೆ ಮಾರಾಟವಾದದ್ದನ್ನು ಹೋಲುವುದೇ ಇಂದು ಅಚ್ಚಾಗಬೇಕೆಂದರೆ, ನಿನ್ನೆ ಅವಕಾಶ ಸಿಗದವರಿಗೆ ಇಂದೂ ಸಿಗುವುದಿಲ್ಲ. ಲಾರಾ ಮೆಕ್‌ಗ್ರಾತ್ ಎಂಬ ವಿದ್ವಾಂಸೆ 2019ರಲ್ಲಿ 'ಲಾಸ್ ಏಂಜಲೀಸ್ ರಿವ್ಯೂ ಆಫ್ ಬುಕ್ಸ್' ಪತ್ರಿಕೆಯಲ್ಲಿ, ಅಮೆರಿಕದ ಪ್ರಕಾಶಕರು ಅತಿ ಹೆಚ್ಚಾಗಿ ಹೋಲಿಕೆಗೆ ಬಳಸಿದ ಪುಸ್ತಕಗಳನ್ನು ಪರಿಶೀಲಿಸಿ ಬರೆದರು. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರು ಬರೆದವೇ ಆಗಿದ್ದವು. ಅಂಕಿಗಳೂ ಅಷ್ಟೇನೂ ನಂಬಿಕಸ್ಥವಲ್ಲ. ಪೆಂಗ್ವಿನ್ ರ್ಯಾಂಡಮ್ ಹೌಸ್ ಸಂಸ್ಥೆ ಸೈಮನ್ ಅಂಡ್ ಶುಸ್ಟರ್ ಸಂಸ್ಥೆಯನ್ನು ಕೊಳ್ಳಲು ಹೊರಟಾಗ ಅಮೆರಿಕ ಸರ್ಕಾರ ದಾವೆ ಹೂಡಿ 2022ರಲ್ಲಿ ಅದನ್ನು ತಡೆಯಿತು. ಯಾವ ಪುಸ್ತಕ ಗೆಲ್ಲುವುದೆಂದು ಮುಂಚಿತವಾಗಿ ಹೇಳಲಾಗದೆಂದು ಆ ವಿಚಾರಣೆಯಲ್ಲಿ ದೊಡ್ಡ ಪ್ರಕಾಶಕರೇ ಒಪ್ಪಿಕೊಂಡರು. ಉಪಮಾನವೇ ಇಲ್ಲದ ಪುಸ್ತಕವೂ ಒಮ್ಮೊಮ್ಮೆ ಗೆಲ್ಲುತ್ತದೆ. ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಅವರು ಅನುವಾದಿಸಿದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕಥಾಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಪ್ರಕಟಿಸಿದ್ದು 'ಅಂಡ್ ಅದರ್ ಸ್ಟೋರೀಸ್' ಎಂಬ ಇಂಗ್ಲೆಂಡಿನ ಚಿಕ್ಕ ಸಂಸ್ಥೆ. ಮುಸ್ಲಿಂ ಹೆಣ್ಣುಮಕ್ಕಳ ಆ ಕಥೆಗಳಿಗೆ ಇಂಗ್ಲಿಷಿನ ಕಪಾಟಿನಲ್ಲಿ ಸರಿಸಮನಾದ ಉಪಮಾನವನ್ನು ಯಾರು ತಾನೆ ತೋರಿಸಬಹುದಿತ್ತು? ಇನ್ನು ಮುಂದೆ ಬರುವವರಿಗೆ ಆ ಪುಸ್ತಕವೇ ಉಪಮಾನ.

ಬರೆದವರಿಗೆ ತಮ್ಮ ಪುಸ್ತಕ ಅನನ್ವಯಾಲಂಕಾರವೆಂದೇ ತೋರುತ್ತದೆ. ಆಕಾಶಕ್ಕೆ ಆಕಾಶವೇ ಸಾಟಿ ಎಂಬಂತೆ. ನಮ್ಮ ಹಿಂದಿನವರು ಹಾಗೆ ನಡೆದುಕೊಳ್ಳಲಿಲ್ಲ. 'ಕವಿರಾಜಮಾರ್ಗ' ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸಿ ಮುಂದೆ ಸಾಗುತ್ತದೆ. ಚಂಪೂಕವಿಗಳಿಗೆ ಪೂರ್ವಕವಿಸ್ತುತಿ ಕಾವ್ಯಾರಂಭದ ಒಂದು ವಿಧಿ. ತನ್ನ ಕಾವ್ಯಗಳು ಹಿಂದಿನವನ್ನೆಲ್ಲ ಮೀರಿದವೆಂದು ಸಾರಿದ ಪಂಪನೂ ಹಿಂದಿನವು ಏನೆಂದು ಬಲ್ಲವನಾಗಿದ್ದ. ಎಲ್ಲಕ್ಕಿಂತ ಕುಮಾರವ್ಯಾಸನ ಮಾತು ನಮ್ಮ ವಿಷಯಕ್ಕೆ ಹತ್ತಿರವಾದದ್ದು. ರಾಮಾಯಣ ಬರೆದ ಕವಿಗಳ ಹೊರೆಯಿಂದ ಭೂಮಿಯನ್ನು ಹೊತ್ತ ಶೇಷನೇ ಬಳಲಿದ್ದಾನೆ, ಅಲ್ಲಿ ಹೆಜ್ಜೆಯಿಡಲೂ ಜಾಗವಿಲ್ಲವೆಂದು ಕಂಡು ಅವನು ಭಾರತದ ಕಥೆಯನ್ನು ಕೈಗೆತ್ತಿಕೊಂಡೆನೆನ್ನುತ್ತಾನೆ. ಕಪಾಟನ್ನು ನೋಡಿ ತನ್ನ ಸ್ಥಳವನ್ನು ಗುರುತಿಸಿಕೊಂಡ ಕವಿ ಅವನು. ಅದರಿಂದ ಅವನ ಕಾವ್ಯಕ್ಕೆ ಕುಂದೇನೂ ಬರಲಿಲ್ಲ.

ಸೊಸೆಯ ಪತ್ರದ ಮುಂದಿನ ಕಥೆಯನ್ನು ಹೇಳಿ ಮುಗಿಸುತ್ತೇನೆ. ಹೊಸ ಸಾಲಿನೊಡನೆ ಹನ್ನೆರಡು ಪತ್ರಗಳು ಹೋದವು. ಇಬ್ಬರು ಪೂರ್ಣ ಹಸ್ತಪ್ರತಿಯನ್ನು ತರಿಸಿಕೊಂಡರು. ಒಬ್ಬರು ಮೂರು ತಿಂಗಳ ಮೇಲೆ, ಎರಡನೆಯ ಸೋದರಿಯ ಪಾತ್ರ ಸಾಲದೆಂದು ವಿವರವಾಗಿ ಬರೆದು ನಿರಾಕರಿಸಿದರು. ಅವರು ಹೇಳಿದ್ದು ನಿಜವೆಂದು ಅವಳು ಆ ಭಾಗವನ್ನು ಮತ್ತೆ ಬರೆಯುತ್ತಿದ್ದಾಳೆ. ಇನ್ನೊಬ್ಬರಿಂದ ಉತ್ತರ ಬಂದಿಲ್ಲ. ಪುಸ್ತಕ ಅಚ್ಚಾದೀತೋ ಇಲ್ಲವೋ ಹೇಳಲಾರೆ. 'ವೆಸ್ಟರ್ನ್ ಲೇನ್' ಈಗ ನನ್ನ ಮೇಜಿನ ಮೇಲಿದೆ. ಎರಡನೆಯ ಸಲ ಓದುತ್ತಿದ್ದೇನೆ.

ಶ್ರೋತೃಗಳಲ್ಲಿ ಯಾರಾದರೂ ಹಸ್ತಪ್ರತಿಯೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದರೆ ಅವರಿಗೆ ನನ್ನದೊಂದು ಬಿನ್ನಹ. ಅದು ಯಾವ ಭಾಷೆಯದಾದರೂ ಆಗಲಿ, ಈಚಿನ ಐದು ವರ್ಷಗಳಲ್ಲಿ ಬಂದ ಯಾವ ಎರಡು ಪುಸ್ತಕಗಳ ನಡುವೆ ಅದನ್ನು ಇಡುವಿರೆಂದು ಒಮ್ಮೆ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಹಸ್ತಪ್ರತಿಯನ್ನು ಇನ್ನೂ ಕೆಲವು ದಿನ ಪೆಟ್ಟಿಗೆಯಲ್ಲೇ ಬಿಟ್ಟು, ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಬನ್ನಿ.